ಮಿಶ್ರಣ, ಶುದ್ಧವಸ್ತು, ಬೇರ್ಪಡಿಕೆ: ಕುಮಟಾ, ಹೊನ್ನಾವರ, ಭಟ್ಕಳ ಕರಾವಳಿಯ ರಸಾಯನ

ರಾಶಿಯಿದ್ದು ಜಾಗ ಹಿಡಿಯುವುದೆಲ್ಲ ದ್ರವ್ಯ. ನಿತ್ಯದ ಬದುಕಿನಲ್ಲಿ ಅದು ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಲ್ಲಿ ಸಿಗುತ್ತದೆ. ಎಲ್ಲಿಂದ ಚಿಟಿಕೆ ತೆಗೆದರೂ ಒಂದೇ ರಾಸಾಯನಿಕ ಸಂಯೋಜನೆ ತೋರುವ ಧಾತು ಅಥವಾ ಸಂಯುಕ್ತ ಶುದ್ಧವಸ್ತು. ಇಂಥ ಎರಡೋ ಹೆಚ್ಚೋ ವಸ್ತುಗಳು ತಮ್ಮ ಗುಣ ಬಿಡದೆ ಬೆರೆತರೆ ಮಿಶ್ರಣ. ಆ ಗುಣಗಳ ವ್ಯತ್ಯಾಸವನ್ನೇ ಹಿಡಿದು ಸೋಸಿ, ಬತ್ತಿಸಿ, ಬಟ್ಟಿ ಇಳಿಸಿ, ಹರಳುಗಟ್ಟಿಸಿ ಒಂದೊಂದನ್ನೇ ಹೊರತೆಗೆಯುವುದು ಬೇರ್ಪಡಿಕೆ. ಪ್ರೌಢಶಾಲೆಯ ರಸಾಯನಶಾಸ್ತ್ರ ಶುರುವಾಗುವುದು ಇಲ್ಲಿಂದಲೇ. ಆದರೆ ಪಠ್ಯದ ಚಿತ್ರಗಳಲ್ಲಿ ಬೇರ್ಪಡಿಕೆ ತೀರಾ ಸಲೀಸು: ಬಟ್ಟಲಲ್ಲಿ ಉಪ್ಪುನೀರು, ಕೆಳಗೆ ಉರಿ, ಸ್ವಲ್ಪ ಹೊತ್ತಿಗೆ ನೀರು ಆವಿ, ತಳದಲ್ಲಿ ಬಿಳಿ ಉಪ್ಪು. ಮಿಶ್ರಣ ಒಂದು ದಡ, ಶುದ್ಧವಸ್ತು ಇನ್ನೊಂದು ದಡ, ನಡುವೆ ದಾಟಿಸುವುದಷ್ಟೇ ಕೆಲಸ ಎಂಬ ಭಾವನೆ ಮೂಡುತ್ತದೆ. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಉಪ್ಪಿನ ಆಗರ, ಆಲೆಮನೆ, ಎಣ್ಣೆ ಗಾಣ, ಬಂದರಿನ ಐಸ್ ಪ್ಲಾಂಟ್ ಎಲ್ಲವೂ ಬೇರ್ಪಡಿಕೆಯಿಂದಲೇ ಬದುಕುತ್ತವೆ. ಅವುಗಳನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಸಂಗತಿ ಹೊಳೆಯುತ್ತದೆ. ಯಾವ ಬೇರ್ಪಡಿಕೆಯೂ ಪೂರ್ತಿ ಶುದ್ಧತೆಯವರೆಗೆ ಹೋಗುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಯಾರೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನಕ್ಕೆ ರಾಸಾಯನಿಕ ಕಾರಣ ಎಷ್ಟಿದೆಯೋ ಬಳಕೆಯ ಕಾರಣವೂ ಅಷ್ಟೇ ಇದೆ ಎಂಬುದು ಈ ಲೇಖನದ ವಾದ.

ಮೊದಲು ಸ್ಥಿತಿಗಳ ಮಾತು. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ, ಈ ಬಂದರುಗಳಿಂದ ಕಡಲಿಗಿಳಿಯುವ ಯಾಂತ್ರಿಕ ದೋಣಿಗಳು ಐಸ್ ತುಂಬಿಕೊಳ್ಳದೆ ಹೊರಡುವುದಿಲ್ಲ. ಒಂದು ಕಿಲೋ ಮಂಜುಗಡ್ಡೆ 0 ಡಿಗ್ರಿಯಲ್ಲೇ ಇದ್ದುಕೊಂಡು ನೀರಾಗಲು ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಅಷ್ಟೇ ಶಾಖಕ್ಕೆ ಒಂದು ಕಿಲೋ ನೀರು 80 ಡಿಗ್ರಿ ಬಿಸಿಯಾಗಬಲ್ಲದು. ಮೀನು ಕೆಡದಂತೆ ಕಾಯುವುದು ಐಸಿನ ತಣ್ಪಿಗಿಂತ ಹೆಚ್ಚಾಗಿ ಅದು ಕರಗುವಾಗ ನುಂಗುವ ಈ ಗುಪ್ತೋಷ್ಣ. ಆ ಗಡ್ಡೆ ತಯಾರಾಗುವ ರೀತಿಯಲ್ಲಿ ಇನ್ನೊಂದು ಪಾಠ ಅಡಗಿದೆ. ಐಸ್ ಪ್ಲಾಂಟಿನಲ್ಲಿ ಸಿಹಿನೀರು ತುಂಬಿದ ಉದ್ದನೆಯ ತಗಡಿನ ಡಬ್ಬಿಗಳನ್ನು ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಉಪ್ಪು ಕರಗಿದ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಒಳಗಿನ ಸಿಹಿನೀರು ಗಟ್ಟಿಯಾಗುತ್ತದೆ. ಮಿಶ್ರಣಕ್ಕೂ ಶುದ್ಧವಸ್ತುವಿಗೂ ಇರುವ ಅಂತರವೇ ಇಲ್ಲಿ ಯಂತ್ರದ ತತ್ವವಾಗಿದೆ. ಡಬ್ಬಿಯಿಂದ ಹೊರತೆಗೆದ ಗಡ್ಡೆಯನ್ನು ನೋಡಿದರೆ ಹೊರಸುತ್ತು ಗಾಜಿನಂತೆ ತಿಳಿ, ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಬೆಳ್ಳಗಿನ ಮಬ್ಬು ಗೆರೆ. ನೀರು ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಬರುವಾಗ ನೀರಿನ ಅಣುಗಳಷ್ಟೇ ಹರಳಿನ ಸಾಲಿಗೆ ಸೇರುತ್ತವೆ. ಕರಗಿದ್ದ ಗಾಳಿಯೂ ಲವಣವೂ ಮುಂದೆ ಮುಂದೆ ತಳ್ಳಿಸಿಕೊಂಡು ಹೋಗಿ, ಕೊನೆಗೆ ಓಡಲು ಜಾಗವಿಲ್ಲದೆ ನಡುವಿನಲ್ಲೇ ಸಿಕ್ಕಿಬೀಳುತ್ತವೆ. ಹೆಪ್ಪುಗಟ್ಟುವುದು ಬರಿಯ ಸ್ಥಿತಿ ಬದಲಾವಣೆಯೆಂದು ಪಾಠ ಹೇಳಿದರೂ ಅದೇ ಒಂದು ಬೇರ್ಪಡಿಕೆಯೂ ಹೌದು. ನಡುಭಾಗ ಗಟ್ಟಿಯಾಗುವ ಮುನ್ನವೇ ಅಲ್ಲಿನ ನೀರನ್ನು ಹೀರಿ ತೆಗೆದರೆ ಗಡ್ಡೆ ಇನ್ನೂ ತಿಳಿಯಾದೀತು. ಮೀನಿಗೆ ಹಾಕುವ ಐಸಿಗೆ ಅದು ಯಾರಿಗೂ ಬೇಕಿಲ್ಲ, ಹಾಗಾಗಿ ಬಿಡುತ್ತಾರೆ.

ಶುದ್ಧವಸ್ತುವನ್ನು ಗುರುತಿಸಲು ರಸಾಯನಶಾಸ್ತ್ರ ಕೊಡುವ ಮೊದಲ ಪರೀಕ್ಷೆ ಕರಗುವ ಬಿಂದು. ಶುದ್ಧ ಘನವಸ್ತು ನಿರ್ದಿಷ್ಟ ಉಷ್ಣತೆಯಲ್ಲಿ ಕರಗುತ್ತದೆ, ಪೂರ್ತಿ ಕರಗುವವರೆಗೂ ಉಷ್ಣತೆಯನ್ನು ಏರಗೊಡುವುದಿಲ್ಲ. ಮಿಶ್ರಣಕ್ಕೆ ಈ ಶಿಸ್ತಿಲ್ಲ. ಡಿಸೆಂಬರಿನ ಬೆಳಗಿನ ಜಾವ ಕರಾವಳಿಯ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಶೀಷೆ ಇದಕ್ಕೆ ಸಾಕ್ಷಿ. ಎಣ್ಣೆ ಒಮ್ಮೆಗೇ ಹೆಪ್ಪಾಗುವುದಿಲ್ಲ. ಮೊದಲು ಮಬ್ಬಾಗುತ್ತದೆ, ಆಮೇಲೆ ರವೆಯಂಥ ಬಿಳಿ ಕಣಗಳು ತಳಕ್ಕಿಳಿಯುತ್ತವೆ, ಮೇಲೆ ತಿಳಿ ಎಣ್ಣೆಯ ಪದರ ಬಹಳ ಹೊತ್ತು ಉಳಿಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ ಎಂದು ಪುಸ್ತಕಗಳು ಬರೆದರೂ ಆ ಸಂಖ್ಯೆ ಒಂದು ಹರವಿನ ನಡುಭಾಗ ಅಷ್ಟೇ. ಲಾರಿಕ್ ಆಮ್ಲ ಅದರ ಕೊಬ್ಬಿನಾಮ್ಲಗಳ ಅರ್ಧದಷ್ಟಿದೆ, ಉಳಿದರ್ಧದಲ್ಲಿ ಹಲವು ಬಗೆಯಿವೆ. ಅವು ಕೂಡಿ ಆದ ಬೇರೆಬೇರೆ ಕೊಬ್ಬುಗಳು ಬೇರೆಬೇರೆ ಉಷ್ಣತೆಯಲ್ಲಿ ಗಟ್ಟಿಯಾಗುತ್ತವೆ. ಗಾಣದಿಂದ ಬಂದ ಎಣ್ಣೆಗೆ ಯಾರೂ ಏನನ್ನೂ ಕಲಬೆರಕೆ ಮಾಡದಿದ್ದರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಮಿಶ್ರಣವೇ. ಅಂಗಡಿಯ ‘ಶುದ್ಧ ಕೊಬ್ಬರಿ ಎಣ್ಣೆ’ಯ ಶುದ್ಧತೆ ನಂಬಿಕೆಯ ಮಾತು, ಪ್ರಯೋಗಶಾಲೆಯದು ಸಂಯೋಜನೆಯ ಮಾತು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟಾಗ ಗೊಂದಲ ಶುರುವಾಗುತ್ತದೆ.

ಮಿಶ್ರಣಗಳಲ್ಲಿ ಸಮರೂಪದವು, ಅಸಮರೂಪದವು ಎಂಬ ಭೇದ ಮಾಡುತ್ತಾರೆ. ನಡುವೆ ಕಲಿಲ ಎಂಬ ಇನ್ನೊಂದು ವರ್ಗ ಬರುತ್ತದೆ. ಅದರ ಕಣಗಳು ಕರಗಿಲ್ಲ, ಆದರೂ ತಳಕ್ಕೆ ಕೂರುವಷ್ಟು ದೊಡ್ಡವಲ್ಲ. ಈ ಮೂರನ್ನೂ ಒಂದೇ ಕಡೆ ನೋಡಬೇಕಾದರೆ ನದಿಯ ಅಳಿವೆಗೆ ಹೋಗಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಜೂನ್ ಕಳೆಯುವಷ್ಟರಲ್ಲಿ ಹೊಳೆಗಳು ಕೆಂಪಾಗುತ್ತವೆ. ಮರಳು ಬೇಗ ತಳ ಸೇರುತ್ತದೆ, ಆದರೆ ಜಂಬಿಟ್ಟಿಗೆ ಮಣ್ಣಿನ ನುಣುಪು ಜೇಡಿ ದಿನಗಟ್ಟಲೆ ತೇಲುತ್ತ ಬರುತ್ತದೆ. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಾವೇಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ, ಒಟ್ಟುಗೂಡುವುದಿಲ್ಲ. ಸಮುದ್ರದ ನೀರು ಎದುರಾದಾಗ ಅದರಲ್ಲಿನ ಸೋಡಿಯಂ, ಮೆಗ್ನೀಸಿಯಂ ಅಯಾನುಗಳು ಈ ಆವೇಶವನ್ನು ತಣಿಸುತ್ತವೆ. ಕಣಗಳು ಅಂಟಿಕೊಂಡು ಮುದ್ದೆಯಾಗಿ ತಳ ಹಿಡಿಯುತ್ತವೆ. ಅಳಿವೆಯ ದಂಡೆಯಲ್ಲಿ ಕಾಲು ಹೂತುಹೋಗುವ ಕಪ್ಪು ಕೆಸರಿನಲ್ಲಿ ಬಹುಪಾಲು ಹೀಗೆ ಬಂದದ್ದು. ಯಾರ ಕೈಯೂ ಸೋಕದೆ, ಉಪ್ಪೇ ನಿಂತು ಮಾಡಿಸಿದ ಬೇರ್ಪಡಿಕೆ ಇದು. ಆ ಕೆಸರು ತುಂಬಿ ಎದ್ದ ಗಜನಿ ಭೂಮಿಯಲ್ಲಿ ಮತ್ತೊಂದು ಬೇರ್ಪಡಿಕೆ ಮಳೆಗಾಲದಲ್ಲಿ ನಡೆಯುತ್ತದೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದೊಯ್ದ ಮೇಲೆ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ಪೂರಾ ಹೋಗುವವರೆಗೆ ಕಾಯುತ್ತ ಕೂತರೆ ಮಳೆಗಾಲವೇ ಮುಗಿದುಹೋದೀತು. ಸ್ವಲ್ಪ ಉಪ್ಪು ತಡೆಯುವ ತಳಿಯನ್ನೇ ಆರಿಸಿಕೊಂಡು, ತೊಳೆತವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ ಎನ್ನಬಹುದು.

ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಪ್ರಮಾಣ ಯಾರ ಕೈಯಲ್ಲಿದೆ ಎಂಬುದಕ್ಕೆ ಹೊನ್ನಾವರ ಮತ್ತು ಕುಮಟಾ ಎರಡು ಉತ್ತರ ಕೊಡುತ್ತವೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ತಯಾರಿಸಿದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿಯುತ್ತಿರುವುದರಿಂದ ಅಳಿವೆಯ ಲವಣಾಂಶ ಕುಗ್ಗಿತು, ಉಪ್ಪುನೀರು ಬೇಡುವ ಚಿಪ್ಪುಜೀವಿಗಳಿಗೆ ನೆಲೆ ತಪ್ಪಿತು. ಇಪ್ಪತ್ತೇ ಮೈಲಿಯೊಳಗೆ ಉತ್ತರಕ್ಕಿರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿ, ಏಪ್ರಿಲ್‌ನಲ್ಲಿ ಕಡಲಿನಷ್ಟೇ ಉಪ್ಪಿಗೆ ಹತ್ತಿರ ಎಂಬ ಹಳೆಯ ಏರಿಳಿತ ಅಲ್ಲಿ ಉಳಿದಿದೆ. 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವುದೂ ಉಪ್ಪು ತೆಗೆಯುವುದೂ ಆ ಏರಿಳಿತವನ್ನು ನಂಬಿಯೇ ನಡೆಯುತ್ತವೆ.

ಉಪ್ಪಿನ ವಿಷಯಕ್ಕೆ ಬಂದರೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಲೇಖನದ ಮುಖ್ಯ ಸಾಕ್ಷ್ಯ ಇದೇ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಹಿನ್ನೀರಿಗೆ ಹೊಂದಿಕೊಂಡು ಉಪ್ಪಿನ ಆಗರಗಳಿವೆ; ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘ ಅವನ್ನು ನಡೆಸಿಕೊಂಡು ಬಂದಿದೆ. ಉಬ್ಬರದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟು, ಜೇಡಿಮಣ್ಣು ತುಳಿದು ಗಟ್ಟಿ ಮಾಡಿದ ಗದ್ದೆಯಿಂದ ಗದ್ದೆಗೆ ಹಾಯಿಸುತ್ತ ಬಿಸಿಲಿಗೆ ಬತ್ತಿಸುತ್ತಾರೆ. ಹೊರನೋಟಕ್ಕೆ ಇದು ಪಠ್ಯದ ಬಟ್ಟಲಿನ ಪ್ರಯೋಗವೇ. ಆದರೆ ಬಟ್ಟಲನ್ನು ಒಣಗುವವರೆಗೂ ಕಾಯಿಸಿದರೆ ಸಿಗುವುದು ಕಹಿ, ಒದ್ದೆ, ಕೊಳೆ ಬಣ್ಣದ ಗಸಿ. ಕಾರಣ, ಸಮುದ್ರದ ನೀರಿನಲ್ಲಿ ಒಂದೇ ಲವಣವಿಲ್ಲ. ಕಿಲೋ ನೀರಿಗೆ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಮಿಕ್ಕದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಕ್ಲೋರೈಡು, ಸಲ್ಫೇಟು. ಇವು ನೀರಿನಲ್ಲಿ ಕರಗುವ ಮಿತಿ ಒಂದೊಂದಕ್ಕೂ ಬೇರೆ. ಲೀಟರಿಗೆ ಎರಡೂವರೆ ಗ್ರಾಂನಷ್ಟೂ ಕರಗದ ಜಿಪ್ಸಂ ಮೊದಲು ಸೋಲುತ್ತದೆ, 360 ಗ್ರಾಂ ಕರಗುವ ಉಪ್ಪು ಆಮೇಲೆ, ಇನ್ನೂ ಹೆಚ್ಚು ಕರಗುವ ಮೆಗ್ನೀಸಿಯಂ ಕ್ಲೋರೈಡ್ ಕಡೆಯವರೆಗೂ ನೀರನ್ನು ಬಿಡುವುದಿಲ್ಲ. 1849ರಲ್ಲಿ ಉಸಿಲಿಯೊ ಎಂಬ ರಸಾಯನಜ್ಞ ಮೆಡಿಟರೇನಿಯನ್ ನೀರನ್ನು ಬತ್ತಿಸುತ್ತ ಹೋಗಿ ಈ ಸರದಿಯನ್ನು ಅಳೆದಿಟ್ಟ. ಗಾತ್ರ ಐದನೆಯ ಒಂದಕ್ಕಿಳಿಯುವ ಹೊತ್ತಿಗೆ ಜಿಪ್ಸಂ, ಹತ್ತನೆಯ ಒಂದಕ್ಕೆ ಇಳಿದಾಗ ಉಪ್ಪು.

ಆಗರದ ಕಸುಬೆಲ್ಲ ಈ ಸರದಿಯ ಎರಡು ಗಡಿಗಳ ನಡುವೆ ಇದೆ. ಉಪ್ಪುನೀರಿನ ಸಾಂದ್ರತೆಯನ್ನು 1768ರಲ್ಲಿ ಫ್ರೆಂಚ್ ಔಷಧತಜ್ಞ ಬೋಮೆ ರೂಪಿಸಿದ ಮಾಪಕದಿಂದ ಅಳೆಯುವ ರೂಢಿ ಜಗತ್ತಿನ ಆಗರಗಳಲ್ಲೆಲ್ಲ ಇದೆ. ಕಡಲ ನೀರು ಅದರಲ್ಲಿ 3 ಡಿಗ್ರಿಗಿಂತ ತುಸು ಮೇಲೆ. ಸುಮಾರು 13ರಿಂದ ಜಿಪ್ಸಂ ಕೂರತೊಡಗುತ್ತದೆ. 25 ದಾಟಿದ ಮೇಲೆ ನೀರನ್ನು ಹರಳುಗದ್ದೆಗೆ ಬಿಟ್ಟರೆ ಜಿಪ್ಸಂನ ಹೆಚ್ಚಿನ ಪಾಲು ಹಿಂದಿನ ಗದ್ದೆಯಲ್ಲೇ ಉಳಿಯುತ್ತದೆ. 29–30ಕ್ಕೆ ಬಂದಾಗ ಉಳಿದ ನೀರನ್ನು ಹೊರಗೆ ಬಿಟ್ಟುಬಿಡಬೇಕು. ತಡಮಾಡಿದರೆ ಮೆಗ್ನೀಸಿಯಂ ಲವಣಗಳು ಹರಳಿನ ಜೊತೆ ಸೇರಿ ಉಪ್ಪು ಕಹಿಯಾಗುತ್ತದೆ. ಹೀಗೆ ಬಿಟ್ಟ ನೀರಿನಲ್ಲಿ ಇನ್ನೂ ಸಾಕಷ್ಟು ಉಪ್ಪಿದೆ, ಅದು ಗೊತ್ತಿದ್ದೇ ಬಿಡುತ್ತಾರೆ. ಪೂರ್ತಿ ತೆಗೆಯುವ ಆಸೆಗೂ ಚೆನ್ನಾಗಿರುವುದನ್ನು ತೆಗೆಯುವ ಆಸೆಗೂ ಇಲ್ಲಿ ನೇರ ಜಗಳ, ಆಗರ ಎರಡನೆಯದರ ಪಕ್ಷ ವಹಿಸಿದೆ. ಶಾಖದ ಲೆಕ್ಕ ಹಾಕಿದರೆ ಬಿಸಿಲನ್ನೇ ಏಕೆ ನೆಚ್ಚಬೇಕೆಂಬುದೂ ತಿಳಿಯುತ್ತದೆ. ಒಂದು ಕಿಲೋ ಉಪ್ಪಿಗೆ ಸುಮಾರು 37 ಕಿಲೋ ನೀರು ಆರಬೇಕು, ಅದಕ್ಕೆ 90 ಮೆಗಾಜೂಲಿನಷ್ಟು ಶಾಖ ಬೇಕು. ಒಂದಿಷ್ಟೂ ಶಾಖ ಪೋಲಾಗದ ಒಲೆಯಿದ್ದರೂ ಆರು ಕಿಲೋ ಒಣ ಸೌದೆ, ನಿಜವಾದ ಒಲೆಯಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ನೀರನ್ನು ಕಾಯಿಸಿ ತಣಿಸಿದರೆ ಹರಳು ಬೀಳುತ್ತದಲ್ಲ, ಮೈಲುತುತ್ತಕ್ಕೆ ಹಾಗೇ ಮಾಡುತ್ತೇವಲ್ಲ ಎಂದು ವಿದ್ಯಾರ್ಥಿ ಕೇಳಬಹುದು. ಉಪ್ಪಿಗೆ ಆ ಉಪಾಯ ನಡೆಯದು. 100 ಗ್ರಾಂ ನೀರಿನಲ್ಲಿ 0 ಡಿಗ್ರಿಯಲ್ಲಿ 35.7 ಗ್ರಾಂ ಕರಗಿದರೆ 100 ಡಿಗ್ರಿಯಲ್ಲೂ 39 ಗ್ರಾಂ ಅಷ್ಟೇ. ಬೇರ್ಪಡಿಸುವ ವಿಧಾನವನ್ನು ವಸ್ತುವಿನ ಗುಣವೇ ಆರಿಸಿಕೊಡುತ್ತದೆ.

ಹರಳೂ ಅಷ್ಟೇ, ಹತ್ತಿರದಿಂದ ನೋಡುವಂಥದ್ದು. ಗಾಳಿಯಾಡದ ಮಧ್ಯಾಹ್ನ ಹರಳುಗದ್ದೆಯ ನೀರಿನ ಮೇಲ್ಮೈಯಲ್ಲಿ ಚಿಕ್ಕ ಚೌಕಗಳು ತೇಲುತ್ತವೆ. ನಡುವೆ ತಗ್ಗು, ಅಂಚು ಮೆಟ್ಟಿಲುಮೆಟ್ಟಿಲಾಗಿ ಎದ್ದಿರುತ್ತದೆ. ತಲೆಕೆಳಗಾದ ಟೊಳ್ಳು ಗೋಪುರದ ಆಕಾರ. ತೂಕ ಹೆಚ್ಚಿದಾಗ ಮುಳುಗಿ ತಳದ ಹರಳುಗಳ ಮೇಲೆ ಕೂತು ಬೆಳೆಯುತ್ತವೆ. ಬೇಗ ಬೆಳೆದ ಪದರಗಳ ನಡುವೆ ತಾಯಿದ್ರಾವಣದ, ಅಂದರೆ ಹರಳು ಹುಟ್ಟಿದ ಉಪ್ಪುನೀರಿನ, ಸಣ್ಣ ಸಣ್ಣ ಹನಿಗಳು ಸಿಕ್ಕಿಕೊಳ್ಳುವುದರಿಂದಲೇ ಕಲ್ಲುಪ್ಪಿನೊಳಗೆ ಹಾಲಿನ ಬಣ್ಣದ ಪಟ್ಟೆ ಕಾಣುತ್ತದೆ. ಬಿಸಿ ಬಾಣಲೆಗೆ ಕಲ್ಲುಪ್ಪು ಹಾಕಿದರೆ ಚಟಪಟ ಸಿಡಿಯುವುದೂ ಈ ಹನಿಗಳು ಆವಿಯಾಗಿ ಹರಳನ್ನು ಒಡೆಯುವುದರಿಂದಲೇ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ, ಬಾಣಲೆಗೆ ಆ ಬಿಸಿ ಎಲ್ಲಿಂದ ಬರಬೇಕು? ಹರಳಿನ ಒಳಗೇ ದ್ರವವಿತ್ತು, ಅದು ಅನಿಲವಾಯಿತು. ಘನವೆಂದು ಕೈಗೆತ್ತಿಕೊಂಡದ್ದರಲ್ಲಿ ಮಿಶ್ರಣವೂ ಬೇರೊಂದು ಸ್ಥಿತಿಯೂ ಅಡಗಿ ಕೂತಿದ್ದವು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಶುದ್ಧವಸ್ತು ಎಂಬುದು ಖಚಿತ ವ್ಯಾಖ್ಯೆಯಿರುವ ಪರಿಕಲ್ಪನೆ. ಆಗರದವರ ಬಳಕೆಗೆ ತಕ್ಕಂತೆ ಅದು ಬದಲಾಗುವುದಿಲ್ಲ. ಸೋಡಿಯಂ ಕ್ಲೋರೈಡಿನಲ್ಲಿ ಒಂದು ಸೋಡಿಯಂಗೆ ಒಂದೇ ಕ್ಲೋರಿನ್, ಸಾಣಿಕಟ್ಟಾದಲ್ಲೂ ಅಷ್ಟೇ ಸೈಬೀರಿಯದಲ್ಲೂ ಅಷ್ಟೇ. ಈ ಮಾತು ಸರಿ. ಸಂಯುಕ್ತದ ಸ್ಥಿರ ಅನುಪಾತವಿಲ್ಲದೆ ರಸಾಯನಶಾಸ್ತ್ರಕ್ಕೆ ಕಾಲೇ ಇಲ್ಲ. ಆದರೆ ವ್ಯಾಖ್ಯೆ ಹೇಳುವುದು ವಸ್ತುವಿನ ಬಗ್ಗೆ, ಕೈಯಲ್ಲಿರುವುದು ಮಾದರಿ. ಮಾದರಿಯ ಶುದ್ಧತೆಯನ್ನು ಸಂಖ್ಯೆಯಲ್ಲಿ ಹೇಳಬೇಕು, ಹಾಗೆ ಹೇಳುವಾಗ ಯಾವ ಪರೀಕ್ಷೆಯಿಂದ ಎಂಬುದೂ ಜೊತೆಗೆ ಬರಬೇಕು. ಕರಾವಳಿಯ ಮನೆಗಳಲ್ಲಿ ರೂಢಿಯಲ್ಲಿರುವ ಪರೀಕ್ಷೆಯನ್ನೇ ನೋಡೋಣ: ನೀರೊಡೆಯುವ ಉಪ್ಪು ಒಳ್ಳೆಯ ಉಪ್ಪಲ್ಲ. ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 33 ದಾಟಿದರೆ ತೇವ ಹೀರಿ ಕರಗತೊಡಗುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಶೇಕಡಾ 75ರವರೆಗೂ ತಡೆಯುತ್ತದೆ. ಒಣಹವೆಯ ದಿನ ಭರಣಿಯ ಉಪ್ಪು ಒದ್ದೆಯಾದರೆ ಅದರಲ್ಲಿ ಕಹಿ ಲವಣವಿದೆಯೆಂದು ಧೈರ್ಯವಾಗಿ ಹೇಳಬಹುದು. ಜುಲೈಯಲ್ಲಿ ಇದೇ ಪರೀಕ್ಷೆ ಕೈಕೊಡುತ್ತದೆ. ಆಗ ಕರಾವಳಿಯ ಗಾಳಿಯ ಆರ್ದ್ರತೆ ಶೇಕಡಾ 85ಕ್ಕೂ ಮೇಲಿರುವುದರಿಂದ ಪ್ರಯೋಗಶಾಲೆಯ ಅತಿ ಶುದ್ಧ ಉಪ್ಪೂ ಒದ್ದೆಯಾಗುತ್ತದೆ. ಪರೀಕ್ಷೆಯ ಉತ್ತರ ಋತುವಿನ ಮೇಲೆ ನಿಂತಿತು. ಅದೇ 75ರ ಗೆರೆ ಆಗರದ ಹಂಗಾಮಿಗೂ ಗೆರೆ ಎಳೆದಿದೆ: ಗಾಳಿ ಅದಕ್ಕಿಂತ ತೇವವಾಗಿದ್ದರೆ ಮಳೆ ಬೀಳದಿದ್ದರೂ ಹರಳುಗದ್ದೆಯ ನೀರು ಆರುವುದಿಲ್ಲ, ತಿರುಗಿ ಗಾಳಿಯಿಂದಲೇ ನೀರು ಪಡೆಯುತ್ತದೆ.

ಇನ್ನೊಂದು ಆಕ್ಷೇಪ: ಆಗರ ಹಳೆಯ ಕಸುಬು, ಅದರ ಕುಂದನ್ನು ತತ್ವವೆಂದು ಎತ್ತಿ ಹಿಡಿಯಬಾರದು, ಆಧುನಿಕ ಕಾರ್ಖಾನೆಗಳು ಶೇಕಡಾ 99ಕ್ಕೂ ಮೀರಿದ ಉಪ್ಪನ್ನು ಕೊಡುತ್ತಿಲ್ಲವೇ? ಕೊಡುತ್ತವೆ. ಅಲ್ಲಿ ಉಪ್ಪುನೀರಿಗೆ ಮೊದಲು ಸೋಡಾ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಗಸಿಯಾಗಿ ಕೂರಿಸಿ, ಆಮೇಲೆ ನಿರ್ವಾತದಲ್ಲಿ ಬತ್ತಿಸುತ್ತಾರೆ. ಅಲ್ಲಿಯೂ ಕೊನೆಯ ದಶಮಾಂಶದ ಹತ್ತಿರ ನಿಲ್ಲಿಸುತ್ತಾರೆ, ಖರ್ಚು ಆಮೇಲೆ ಗಿಟ್ಟುವುದಿಲ್ಲ. ಅಷ್ಟು ಕಷ್ಟಪಟ್ಟು ಶುದ್ಧಗೊಳಿಸಿದ್ದಕ್ಕೆ ಪೊಟ್ಟಣ ಕಟ್ಟುವ ಮುನ್ನ ಪೊಟ್ಯಾಸಿಯಂ ಅಯೊಡೇಟನ್ನೂ ಗಂಟುಕಟ್ಟದಂತೆ ತಡೆಯುವ ಪುಡಿಯನ್ನೂ ಬೆರೆಸಿ ಮತ್ತೆ ಮಿಶ್ರಣ ಮಾಡುತ್ತಾರೆ. ಇದರಲ್ಲಿ ನಗುವಂಥದ್ದೇನಿಲ್ಲ. ಗಳಗಂಡ ತಡೆಯಲು ಕಿಲೋ ಉಪ್ಪಿನಲ್ಲಿ ಅಂಗಡಿಯ ಮಟ್ಟದಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ಭಾರತದ ನಿಯಮ, ಮತ್ತು ಅಯೋಡಿನ್ ಬೆರೆಸದ ಉಪ್ಪನ್ನು ನೇರ ಊಟಕ್ಕೆ ಮಾರುವುದು 2006ರಿಂದ ದೇಶದಲ್ಲೆಲ್ಲ ನಿಷಿದ್ಧ. ಅದೇ ನಿಯಮಾವಳಿ ಅಯೋಡಿನ್‌ಯುಕ್ತ ಉಪ್ಪಿಗೆ ಕೇಳುವ ಸೋಡಿಯಂ ಕ್ಲೋರೈಡ್ ಕನಿಷ್ಠ ಶೇಕಡಾ 96. ಊಟಕ್ಕೆ ಇಷ್ಟು ಶುದ್ಧತೆ ಸಾಕು ಎಂದು ಒಂದು ಸಮಾಜ ಕೂತು ಬರೆದ ಸಂಖ್ಯೆ ಅದು. ಒಣಮೀನಿನ ಕಡೆಗೆ ತಿರುಗಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಬರಿಯ ಸೋಡಿಯಂ ಕ್ಲೋರೈಡ್ ಮೀನಿನ ಮಾಂಸದೊಳಗೆ ಬೇಗ ಇಳಿಯುತ್ತದೆ, ಆದರೆ ಮೀನು ಮೆತ್ತಗೆ, ಹಳದಿ ಛಾಯೆಗೆ ತಿರುಗುತ್ತದೆ. ಅಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಮೀನು ಬೆಳ್ಳಗೆ ಬಿರುಸಾಗಿ ಒಣಗುತ್ತದೆ. ಅವು ಹೆಚ್ಚಾದರೆ ಉಪ್ಪು ಒಳಗಿಳಿಯುವುದೇ ನಿಧಾನವಾಗಿ ಮೀನು ಕೆಡುವ ಅಪಾಯವುಂಟು, ಕಹಿಯೂ ಬರುತ್ತದೆ. ತಟ್ಟೆಯ ಅಂಚಿಗೆ ಬೇಡವಾದ ಕಲ್ಮಶ ಮೀನಿನ ಚಪ್ಪರಕ್ಕೆ ಬೇಕಾಯಿತು.

ಇದನ್ನೇ ಹಿಡಿದು, ಹಾಗಾದರೆ ಆಗರದ ಕಚ್ಚಾ ಉಪ್ಪೇ ಆರೋಗ್ಯಕ್ಕೆ ಮೇಲು, ಅದರಲ್ಲಿ ಖನಿಜಗಳಿವೆ ಎಂದು ಈಚೆಗೆ ಹೇಳುವವರಿದ್ದಾರೆ. ಲೆಕ್ಕ ಅವರ ಕೈ ಹಿಡಿಯುವುದಿಲ್ಲ. ಉಪ್ಪಿನಲ್ಲಿ ನೂರಕ್ಕೆ ಅರ್ಧ ಭಾಗ ಮೆಗ್ನೀಸಿಯಂ ಇದೆಯೆಂದೇ ಹಿಡಿಯೋಣ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಅಷ್ಟರಲ್ಲಿ ಸಿಗುವುದು 25 ಮಿಲಿಗ್ರಾಂ, ದೇಹಕ್ಕೆ ಬೇಕಾದದ್ದು 300ಕ್ಕೂ ಮೇಲೆ. ಉಪ್ಪಿನಿಂದ ಮೆಗ್ನೀಸಿಯಂ ತುಂಬಿಸಿಕೊಳ್ಳ ಹೊರಟವರಿಗೆ ರಕ್ತದೊತ್ತಡ ಮೊದಲು ಸಿಕ್ಕೀತು. ಬಳಕೆಗೆ ತಕ್ಕ ಶುದ್ಧತೆ ಎಂದರೆ ಏನು ಬೇಕಾದರೂ ನಡೆಯುತ್ತದೆ ಎಂದರ್ಥವಲ್ಲ.

ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಉಪ್ಪಿಗಷ್ಟೇ ಅಂಟಿದ್ದೇನಲ್ಲ. ಘಟ್ಟದ ಬುಡದ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹಾಕಿ ಕಾಯಿಸುವಾಗ ಸುಣ್ಣದ ತಿಳಿ ಸೇರಿಸಿದರೆ ಹುಳಿ ತಗ್ಗುತ್ತದೆ, ಹಾಲಿನಲ್ಲಿದ್ದ ಕಲಿಲ ಒಡೆದು ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ತೆಗೆದುಹಾಕುತ್ತಾರೆ. ನೀರು ಆರಿದಷ್ಟೂ ಕುದಿಬಿಂದು ಏರುತ್ತದೆ. ಶುದ್ಧ ನೀರು 100 ಡಿಗ್ರಿಯಲ್ಲೇ ಕುದಿಯುತ್ತಿರುತ್ತದೆ, ದ್ರಾವಣ ಗಟ್ಟಿಯಾಗುತ್ತ ಮೇಲೆ ಮೇಲೆ ಹೋಗುತ್ತದೆ. 105–106 ಡಿಗ್ರಿಯ ಹತ್ತಿರ ಇಳಿಸಿದರೆ ಜೋನಿ ಬೆಲ್ಲ, 116–118ರವರೆಗೆ ಕಾಯ್ದರೆ ಅಚ್ಚಿನ ಬೆಲ್ಲ. ಹತ್ತು ಹನ್ನೆರಡು ಡಿಗ್ರಿಯ ಅಂತರದಲ್ಲಿ ಒಂದು ದ್ರವ, ಒಂದು ಘನ. ಆಲೆಮನೆಯವರು ಅದನ್ನು ಪಾಕ ತಣ್ಣೀರಿಗೆ ಬಿದ್ದಾಗ ಕಟ್ಟುವ ಉಂಡೆಯಿಂದ ಅರಿಯುತ್ತಾರೆ. ಉತ್ತರ ಕನ್ನಡದವರು ಬೇಕೆಂದೇ ಜೋನಿಯಲ್ಲಿ ನಿಲ್ಲಿಸಿದರು, ದೋಸೆಗೆ ಅದೇ ರುಚಿ. ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ತಳದಲ್ಲಿ ಸಕ್ಕರೆಯ ಹರಳು ತಾನಾಗಿ ಕೂರುವುದನ್ನು ನೋಡಿದರೆ ನಿಲ್ಲಿಸಿದ ಬೇರ್ಪಡಿಕೆ ಮೆಲ್ಲಗೆ ಮುಂದುವರಿದಿದೆಯೆಂದು ತಿಳಿಯುತ್ತದೆ. ಇನ್ನೂ ಮುಂದಕ್ಕೆ ಹೋದವರೂ ಇದ್ದರು. 16ನೆಯ ಶತಮಾನದ ಆರಂಭದಲ್ಲಿ ಭಟ್ಕಳದ ಬಂದರಿನ ಬಗ್ಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸ ಅಲ್ಲಿಂದ ಹೊರಡುವ ಸರಕುಗಳಲ್ಲಿ ಅಕ್ಕಿ, ಕಬ್ಬಿಣದ ಜೊತೆ ಪುಡಿಸಕ್ಕರೆಯನ್ನೂ ಹೆಸರಿಸುತ್ತಾನೆ. ಬೆಲ್ಲ ಮನೆಗೆ, ಸಕ್ಕರೆ ಹಡಗಿಗೆ.

ಮಿಶ್ರಣವನ್ನು ಭೌತಿಕ ಕ್ರಿಯೆಯಿಂದ ಬಿಡಿಸಬಹುದು, ಸಂಯುಕ್ತವನ್ನು ಒಡೆಯಲು ರಾಸಾಯನಿಕ ಕ್ರಿಯೆಯೇ ಬೇಕು ಎಂಬುದು ಈ ಪಾಠದ ಕೊನೆಯ ಗೆರೆ. ಅಳಿವೆಯ ಚಿಪ್ಪಿ ಅದಕ್ಕೆ ಒಳ್ಳೆಯ ನಿದರ್ಶನ. ಚಿಪ್ಪಿಯನ್ನು ಎಷ್ಟು ಕುಟ್ಟಿ, ಜರಡಿ ಹಿಡಿದು, ತೊಳೆದರೂ ಅದು ಕ್ಯಾಲ್ಸಿಯಂ ಕಾರ್ಬೊನೇಟೇ. ಭಟ್ಟಿಯಲ್ಲಿ 900 ಡಿಗ್ರಿಯ ಹತ್ತಿರ ಸುಟ್ಟಾಗ ಪ್ರತಿ 100 ಗ್ರಾಂನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, ನೀರು ಕುಡಿಸಿದರೆ ಗೋಡೆಗೆ ಬಳಿಯುವ ಸುಣ್ಣ. ಗೆರೆ ಸ್ಪಷ್ಟವಾಗಿದೆ, ಆದರೂ ಅದನ್ನು ಗೋಡೆಯೆಂದು ತಿಳಿಯಬಾರದು. ಪೂರ್ತಿ ಭೌತಿಕ ಕ್ರಿಯೆಯೆಂದು ಹೆಸರಾದ ಆಗರದಲ್ಲೇ ಜಿಪ್ಸಂಗಿಂತ ಮೊದಲು ಬೀಳುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಕಡಲ ನೀರಿನಲ್ಲಿ ಬೈಕಾರ್ಬೊನೇಟ್ ರೂಪದಲ್ಲಿದ್ದದ್ದು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟು ಹೀಗಾಗುತ್ತದೆ, ಅದು ರಾಸಾಯನಿಕ ಬದಲಾವಣೆ. ಆಗರದಲ್ಲಿ ಬೇರೆಬೇರೆಯಾಗಿ ಸಿಕ್ಕ ಲವಣಗಳನ್ನೆಲ್ಲ ಒಟ್ಟುಗೂಡಿಸಿ ಸಿಹಿನೀರಿಗೆ ಹಾಕಿದರೂ ಮೊದಲಿನ ಕಡಲ ನೀರು ತಿರುಗಿ ಬರುವುದಿಲ್ಲ. ಹೋದ ಅನಿಲ ಹೋಗಿಯಾಗಿದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಆವೀಕರಣವನ್ನು ಭೌತಿಕ ವಿಧಾನವೆಂದೇ ಬರೆಯಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಸಾಣಿಕಟ್ಟಾಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಮೊದಲ ಗದ್ದೆಯ ಅಂಚಿನಲ್ಲಿ ಈ ಮಾತನ್ನು ಹೇಳಿಬಿಡುವುದು ಒಳ್ಳೆಯದು.

ಇನ್ನು ಹರಳುಗದ್ದೆಯಿಂದ ಹೊರಬಿಟ್ಟ ಕಹಿನೀರು. 1826ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ಬಳಿಯ ಆಗರಗಳ ಇಂಥದೇ ನೀರಿಗೆ ಕ್ಲೋರಿನ್ ಹಾಯಿಸಿದಾಗ ಕೆಂಗಂದು ಬಣ್ಣವೊಂದು ಎದ್ದಿತು. ಅದನ್ನು ಬೇರ್ಪಡಿಸಿದ ಆಂಟ್ವಾನ್ ಬಲಾರ್, ಬ್ರೋಮಿನ್ ಎಂಬ ಹೊಸ ಧಾತುವನ್ನು ಜಗತ್ತಿಗೆ ಕೊಟ್ಟ. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಏಕೈಕ ಅಲೋಹ ಧಾತು ಅದು. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಜಗತ್ತು ಸುತ್ತಿ ತಂದ 77 ಕಡಲ ನೀರಿನ ಮಾದರಿಗಳನ್ನು ಪರೀಕ್ಷಿಸಿದ ರಸಾಯನಜ್ಞ ಡಿಟ್ಮಾರ್, ತೆರೆದ ಸಾಗರದಲ್ಲಿ ಒಟ್ಟು ಲವಣ ಹೆಚ್ಚುಕಡಿಮೆಯಾದರೂ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂದು 1884ರಲ್ಲಿ ತೋರಿಸಿದ. ಹಾಗಾಗಿ ಅರಬ್ಬೀ ಸಮುದ್ರದ ಲೀಟರ್ ನೀರಿನಲ್ಲೂ ಸುಮಾರು 65 ಮಿಲಿಗ್ರಾಂ ಬ್ರೋಮಿನ್ ಇದೆ, ಸಾಣಿಕಟ್ಟಾದ ಕಹಿನೀರಿನಲ್ಲಿ ಅದು ಹತ್ತಾರು ಪಟ್ಟು ಗಟ್ಟಿಯಾಗಿದೆ. ಗುಜರಾತಿನ ದೊಡ್ಡ ಆಗರಗಳ ಕಹಿನೀರಿನಿಂದ ಅದನ್ನು ವ್ಯಾಪಾರಕ್ಕೆಂದೇ ತೆಗೆಯುತ್ತಾರೆ. ಸಾಣಿಕಟ್ಟಾದಷ್ಟು ಚಿಕ್ಕ ಆಗರಕ್ಕೆ ಆ ಕೆಲಸ ಗಿಟ್ಟುವುದಿಲ್ಲ.